ವೆಲ್ಡಿಂಗ್ ಗಟ್ಟಿ ಇದೆ, ಬೀಡೇ ಸರಿ ಇಲ್ಲ

"ನಮ್ಮ ವೆಲ್ಡಿಂಗ್‌ಗೆ ಏನೂ ಆಗಿಲ್ಲ ನೋಡಿ ಸಾರ್. ಪಕ್ಕದಲ್ಲಿ ಬಿಟ್ಟುಕೊಂಡಿದೆ. ನಿಮ್ಮ ಬೀಡೇ ಸರಿ ಇಲ್ಲ."

ಬೀಡು ಅಂದರೆ ಎರಕದ ಕಬ್ಬಿಣ, ಕ್ಯಾಸ್ಟ್ ಐರನ್. ಯಂತ್ರಗಳ ರಿಪೇರಿ ನೋಡಿಕೊಳ್ಳುವುದೇ ನನ್ನ ಕೆಲಸ. ಹಾಗಾಗಿ ವೆಲ್ಡರ್‌ಗಳ ಈ ಮಾತು ನನಗೆ ಹೊಸದಲ್ಲ. ಪೀಣ್ಯದ ಅಡ್ಡರಸ್ತೆಗಳ ಅಂಗಡಿಗಳಲ್ಲಿ ಕೇಳಿದ್ದೇನೆ, ಊರ ಕಡೆ ಪಂಪ್‌ಸೆಟ್ ರಿಪೇರಿಯವರ ಬಾಯಲ್ಲೂ ಕೇಳಿದ್ದೇನೆ. ಈಚೆಗೆ ಮತ್ತೆ ಕೇಳಿದೆ. ಒಂದು ನೀರಿನ ಪಂಪಿನ ಕೇಸಿಂಗ್, ಅಂದರೆ ಹೊರಕವಚ. ಬೋಲ್ಟ್ ಕೂರುವ ಕಿವಿ ಮುರಿದಿತ್ತು, ವೆಲ್ಡ್ ಮಾಡಿಸಿದ್ದರು. ವೆಲ್ಡಿನ ಸಾಲು ದಪ್ಪಗೆ, ಹೊಳೆಯುತ್ತಾ, ಒಂದು ಚೂರೂ ಅಲುಗದೆ ಕೂತಿತ್ತು. ಅದರ ಪಕ್ಕದಲ್ಲೇ, ಉಗುರಿನ ಅಗಲದಷ್ಟು ದೂರದಲ್ಲಿ, ವೆಲ್ಡಿನ ಅಂಕುಡೊಂಕನ್ನೇ ಹಿಂಬಾಲಿಸಿಕೊಂಡು ಹೊಸ ಬಿರುಕು ಓಡಿತ್ತು. ವೆಲ್ಡರ್ ಹುಡುಗ ಸುತ್ತಿಗೆ ತಗೊಂಡು ತನ್ನ ವೆಲ್ಡಿನ ಮೇಲೆ ಕುಟ್ಟಿ ತೋರಿಸಿದ. ಗಟ್ಟಿ ಇದೆ ಅಲ್ವಾ ಅಂದ. ಗಟ್ಟಿ ಇತ್ತು. ಪಂಪಿನ ಯಜಮಾನರೂ ತಲೆ ಆಡಿಸಿದರು. ತಪ್ಪು ಕಬ್ಬಿಣದ್ದು ಅಂತ ಅಲ್ಲಿಗೆ ತೀರ್ಮಾನ ಆಗಿಹೋಯಿತು.

ಆ ಹುಡುಗ ಸುಳ್ಳು ಹೇಳಲಿಲ್ಲ. ಕಣ್ಣಿಗೆ ಕಾಣುವುದನ್ನೇ ಹೇಳಿದ. ಗೇಟು, ಗ್ರಿಲ್ಲು, ಟ್ರೇಲರ್ ಚಾಸಿಸ್ ಮಾಡಿ ಕೈ ಪಳಗಿದವರಿಗೆ ಒಂದೇ ಪರೀಕ್ಷೆ ಗೊತ್ತು. ವೆಲ್ಡ್ ಬಿಡಬಾರದು, ಅಷ್ಟೇ. ಉಕ್ಕಿನಲ್ಲಿ ಅದು ಸರಿಯಾದ ಪರೀಕ್ಷೆಯೇ. ಬೀಡಿಗೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಪಕ್ಕದಲ್ಲಿ ಬಿಟ್ಟುಕೊಂಡಿತು ಅಂದರೆ ವೆಲ್ಡ್ ಗೆದ್ದಿತು ಅಂತಲ್ಲ, ವೆಲ್ಡೇ ಅದನ್ನು ಒಡೆಯಿತು ಅಂತ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನಾನು ನಂಬಿದ್ದು ಚಿಕ್ಕಂದಿನಲ್ಲಿ ನಮ್ಮೂರಿನ ಆಲೆಮನೆಯಲ್ಲಿ ನಡೆದದ್ದನ್ನು ನೋಡಿದ್ದರಿಂದ.

ಗಾಣದ ಕಿವಿ

ಮಂಡ್ಯ ಕಡೆಯವರಿಗೆ ಆಲೆಮನೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ನಮ್ಮ ಮನೆಗೆ ಸೇರಿದ ಆಲೆಮನೆಯಲ್ಲಿ ಮೂರು ರೋಲಿನ ಗಾಣ ಇತ್ತು. ಎರಡು ಬದಿಗೂ ಬೀಡಿನ ಫ್ರೇಮು, ಮಧ್ಯದಲ್ಲಿ ರೋಲುಗಳು, ಒಂದು ಕಡೆ ಮೊಣಕಾಲೆತ್ತರದ ಗೇರ್ ಚಕ್ರ. ಕಬ್ಬು ಅರೆಯುವಾಗ ರೋಲುಗಳು ಒಂದನ್ನೊಂದು ದೂಡಿಕೊಂಡು ಹೊರಗೆ ಹೋಗಲು ನೋಡುತ್ತವೆ. ಅವನ್ನು ತಡೆದು ಹಿಡಿಯುವುದೇ ಫ್ರೇಮಿನ ಕೆಲಸ. ಒಂದು ಸಂಜೆ ಕಬ್ಬಿನ ಕಟ್ಟಿನ ಜೊತೆ ಒಂದು ಕಲ್ಲೋ ಕಬ್ಬಿಣದ ತುಂಡೋ ಒಳಗೆ ಹೋಗಿದೆ. ಗಾಣ ಒಂದು ಸಲ ಮುಲುಗಿ ನಿಂತಿತು. ಫ್ರೇಮಿನ ಮೇಲಿನ ಕಿವಿ, ಅಂದರೆ ಟೈ ಬೋಲ್ಟ್ ಹಾದುಹೋಗುವ ಜಾಗ, ಬುಡದಲ್ಲಿ ಸೀಳಿಕೊಂಡಿತ್ತು. ಮುರಿದ ಕಡೆ ಬೂದು ಬಣ್ಣದ ಕಾಳುಕಾಳು. ಬೆರಳಿಂದ ಒರೆಸಿದರೆ ಪೆನ್ಸಿಲ್ ಸೀಸದ ಹಾಗೆ ಕಪ್ಪು ಹತ್ತುತ್ತಿತ್ತು.

ಸೀಸನ್ ಮಧ್ಯ. ಕಡಿದ ಕಬ್ಬು ಗಾಡಿಗಳಲ್ಲಿ ಬಂದು ನಿಂತಿದೆ. ಕಡಿದ ಮೇಲೆ ಕಬ್ಬು ಒಣಗುತ್ತಾ ಹೋಗುತ್ತದೆ, ರಸ ಕೆಡುತ್ತದೆ, ಬೆಲ್ಲ ಗಟ್ಟಿ ಕೂರುವುದಿಲ್ಲ. ದೊಡ್ಡವರ ಮುಖ ನೋಡಲು ಆಗುತ್ತಿರಲಿಲ್ಲ. ಬೆಳಿಗ್ಗೆ ಪಕ್ಕದ ಊರಿನ ವೆಲ್ಡರ್ ಬಂದ. ಕೆಲಸದಲ್ಲಿ ಚುರುಕು ಮನುಷ್ಯ. ಫ್ರೇಮನ್ನು ಬಿಚ್ಚಿ ನೆಲಕ್ಕೆ ಮಲಗಿಸಿ, ಗ್ರೈಂಡರ್‌ನಲ್ಲಿ ಸ್ವಲ್ಪ ತೀಡಿ, ಮಾಮೂಲಿ ಉಕ್ಕಿನ ವೆಲ್ಡಿಂಗ್ ರಾಡಿನಲ್ಲಿ ಒಂದೇ ಸಮನೆ ಹಾಕುತ್ತಾ ಹೋದ. ಒಂದು ಸಾಲು, ಅದರ ಮೇಲೆ ಇನ್ನೊಂದು. ಆ ಜಾಗ ಕೆಂಡದ ಹಾಗೆ ಕೆಂಪಾಯಿತು. ಅರೆಯುವವರು ಸುತ್ತ ನಿಂತು ಆಯ್ತಾ ಆಯ್ತಾ ಅನ್ನುತ್ತಿದ್ದರು. ಮುಗಿದ ಕೂಡಲೇ ಯಾರೋ ಒದ್ದೆ ಗೋಣಿಚೀಲ ತಂದು ಮೇಲೆ ಹಾಕಿದರು. ಬೇಗ ಆರಲಿ ಅಂತ. ಉಗಿ ಎದ್ದಿತು. ವೆಲ್ಡರ್ ಬೇಡ ಅನ್ನಲಿಲ್ಲ.

ಮಧ್ಯಾಹ್ನ ಫ್ರೇಮನ್ನು ಜೋಡಿಸಿದರು. ಆದರೆ ಆವತ್ತು ಕರೆಂಟು ಇರಲಿಲ್ಲ. ಗಾಣ ಓಡಲೇ ಇಲ್ಲ. ರಾತ್ರಿ ಕೊಪ್ಪರಿಗೆ ಪಕ್ಕದಲ್ಲಿ ಮಲಗಿದ್ದವರಿಗೆಲ್ಲ 'ಟಣ್' ಅಂತ ಸದ್ದು ಕೇಳಿಸಿತು. ದೇವಸ್ಥಾನದ ಗಂಟೆಗೆ ಯಾರೋ ಉಗುರಿನಲ್ಲಿ ಹೊಡೆದಂಥ ಸಣ್ಣ ಸದ್ದು. ಬ್ಯಾಟರಿ ಬಿಟ್ಟು ನೋಡಿದರೆ ವೆಲ್ಡಿನ ಅಂಚಿನಲ್ಲಿ, ಆ ತುದಿಯಿಂದ ಈ ತುದಿಗೆ, ಹೊಸ ಬಿರುಕು.

ನನಗೆ ಇವತ್ತಿಗೂ ಮುಖ್ಯ ಅನ್ನಿಸುವುದು ಅದೊಂದೇ ವಿಷಯ. ಗಾಣದಲ್ಲಿ ಕಬ್ಬು ಇರಲಿಲ್ಲ. ಲೋಡ್ ಇರಲಿಲ್ಲ. ರೋಲು ಒಂದು ಸುತ್ತೂ ತಿರುಗಿರಲಿಲ್ಲ. ಸುಮ್ನೆ ನಿಂತಿದ್ದ ಕಬ್ಬಿಣ ತನ್ನಷ್ಟಕ್ಕೆ ತಾನೇ ಒಡೆಯಿತು. ಮಾರನೆಯ ದಿನ ವೆಲ್ಡರ್ ಬಂದು ಇದೇ ಮಾತು ಹೇಳಿದ, ನಮ್ಮ ವೆಲ್ಡಿಂಗ್‌ಗೆ ಏನೂ ಆಗಿಲ್ಲ ಅಂತ. ಹಾಗಾದರೆ ಯಾರು ಎಳೆದರು ಅದನ್ನು?

ಎಳೆದಿದ್ದು ಯಾರು

ಬೀಡಿನಲ್ಲಿ ಕಾರ್ಬನ್ ಜಾಸ್ತಿ. ಗೇಟಿಗೆ ಬಳಸುವ ಮೈಲ್ಡ್ ಸ್ಟೀಲಿನಲ್ಲಿ ಕಾಲು ಪರ್ಸೆಂಟಿಗಿಂತ ಕಡಿಮೆ ಇದ್ದರೆ, ಬೀಡಿನಲ್ಲಿ ಮೂರು ಪರ್ಸೆಂಟಿನ ಆಸುಪಾಸು ಇರುತ್ತದೆ. ಅಷ್ಟು ಕಾರ್ಬನ್ ಕಬ್ಬಿಣದೊಳಗೆ ಕರಗಿ ಕೂರುವುದಿಲ್ಲ. ಎರಕ ನಿಧಾನವಾಗಿ ಆರುವಾಗ ಅದು ಗ್ರಾಫೈಟ್ ಪದರಗಳಾಗಿ ಬೇರೆಯಾಗುತ್ತದೆ. ಬೆರಳಿಗೆ ಹತ್ತಿದ ಕಪ್ಪು ಅದೇ. ಈ ಪದರಗಳಿಂದ ಬೀಡಿಗೆ ಒಳ್ಳೆಯ ಗುಣಗಳೂ ಬರುತ್ತವೆ. ಅದು ಅದುರುವಿಕೆಯನ್ನು ನುಂಗಿಕೊಳ್ಳುತ್ತದೆ, ಅದಕ್ಕೇ ಲೇತ್ ಬೆಡ್‌ಗಳನ್ನು, ಅಂದರೆ ಲೋಹ ಕಡೆಯುವ ಯಂತ್ರದ ಅಡಿಭಾಗವನ್ನು, ಬೀಡಿನಲ್ಲೇ ಹೊಯ್ಯುವುದು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತ್‌ಗಳು ಈಗಲೂ ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಓಡುತ್ತಿವೆ. ಅವುಗಳ ಬೆಡ್ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಮೇಲೆ ಕಟಿಂಗ್ ನಡೀತಾ ಇದ್ದರೂ ಕೆಳಗೆ ಅದುರುವಿಕೆ ಕಡಿಮೆ. ಡ್ರಿಲ್ ಹಾಕಿದರೆ ಸುರುಳಿ ಬರುವುದಿಲ್ಲ, ಪುಡಿ ಬರುತ್ತದೆ. ಒತ್ತಿದರೆ ಬೀಡು ಜಗ್ಗುವುದಿಲ್ಲ. ಎಳೆದರೆ ಮಾತ್ರ ಕಥೆ ಬೇರೆ. ಒತ್ತಡಕ್ಕೆ ತಡೆಯುವುದರಲ್ಲಿ ಮೂರನೇ ಒಂದು ಭಾಗ, ಕೆಲವೊಮ್ಮೆ ನಾಲ್ಕನೇ ಒಂದು ಭಾಗ ಮಾತ್ರ ಎಳೆತಕ್ಕೆ ತಡೆಯುತ್ತದೆ. ಮತ್ತೆ ಹಿಗ್ಗುವುದು ಅನ್ನುವುದೇ ಅದಕ್ಕೆ ಗೊತ್ತಿಲ್ಲ. ಉಕ್ಕು ಮುರಿಯುವ ಮೊದಲು ಬಾಗುತ್ತದೆ, ಉದ್ದವಾಗುತ್ತದೆ. ಬೀಡು ಹೇಳದೆ ಕೇಳದೆ ಒಡೆಯುತ್ತದೆ.

ಈಗ ಮಾಮೂಲಿ ರಾಡ್ ಹಚ್ಚಿದಾಗ ಏನಾಗುತ್ತದೆ ನೋಡಿ. ರಾಡಿನ ಉಕ್ಕು ಕರಗುತ್ತದೆ, ಪಕ್ಕದ ಬೀಡೂ ಸ್ವಲ್ಪ ಕರಗಿ ಅದಕ್ಕೆ ಬೆರೆಯುತ್ತದೆ. ಬೀಡಿನ ಕಾರ್ಬನ್ ಉಕ್ಕಿಗೆ ಸೇರಿ ಆ ವೆಲ್ಡ್ ಅರದಷ್ಟು, ಅಂದರೆ ಕಬ್ಬಿಣ ಉಜ್ಜುವ ಫೈಲಿನಷ್ಟು, ಗಟ್ಟಿಯಾಗುತ್ತದೆ. ಅರ ಹಾಕಿದರೆ ಜಾರುತ್ತದೆ, ಡ್ರಿಲ್ ಹಾಕಿದರೆ ಬಿಟ್ ಸುಡುತ್ತದೆ. ವೆಲ್ಡಿನ ಅಂಚಿನಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತದೆ. ಅಲ್ಲಿನ ಬೀಡು ಅರೆಬರೆ ಕರಗಿ, ಸುತ್ತಲಿನ ತಣ್ಣನೆಯ ದಪ್ಪ ಎರಕ ಆ ಬಿಸಿಯನ್ನು ಹೀರಿಕೊಂಡು, ತಕ್ಷಣ ಆರಿಬಿಡುತ್ತದೆ. ಗ್ರಾಫೈಟ್ ಆಗಿ ಬೇರೆಯಾಗಲು ಕಾರ್ಬನ್‌ಗೆ ಸಮಯ ಸಿಗುವುದಿಲ್ಲ. ಅಲ್ಲೊಂದು ತೆಳುವಾದ, ಬಿಳಿಯಾದ, ಗಾಜಿನಂತೆ ಪೆಡಸಾದ ಗೆರೆ ಉಳಿಯುತ್ತದೆ. ಇಷ್ಟೆಲ್ಲ ಆದ ಮೇಲೆ ವೆಲ್ಡ್ ಆರುತ್ತಾ ಕುಗ್ಗುತ್ತದೆ. ಕುಗ್ಗುವುದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ವೆಲ್ಡ್ ಬಗ್ಗುವಷ್ಟು ಮೆದು ಇದ್ದರೆ ತಾನೇ ಸ್ವಲ್ಪ ಎಳೆದುಕೊಂಡು ಸುಮ್ಮನಾಗುತ್ತದೆ. ಅರದಷ್ಟು ಗಟ್ಟಿ ಇದ್ದರೆ ಪಕ್ಕದ್ದನ್ನು ಎಳೆಯುತ್ತದೆ. ಪಕ್ಕದಲ್ಲಿ ಇರುವುದು ಆ ಪೆಡಸು ಗೆರೆ. ರಾತ್ರಿ 'ಟಣ್' ಅಂದದ್ದು ಅದು.

ಅಂದರೆ ವೆಲ್ಡ್ ಗಟ್ಟಿಯಾದಷ್ಟೂ ಬೀಡಿಗೆ ಕೇಡು. ಗೋಣಿಚೀಲ ಬೇರೆ ಒದ್ದೆ ಮಾಡಿ ಹಾಕಿದ್ದರಲ್ಲ, ಅದು ಇದ್ದ ಒಂದೆರಡು ಅವಕಾಶವನ್ನೂ ತೆಗೆದುಹಾಕಿತು. ಬೋರ್‌ವೆಲ್ಲಿಗಿಂತ ಮೊದಲಿನ ಕಾಲದ ಡೀಸೆಲ್ ಎಂಜಿನ್‌ಗಳಲ್ಲಿ ಇದೇ ತಪ್ಪು ಇನ್ನೊಂದು ರೀತಿಯಲ್ಲಿ ಆಗುತ್ತಿತ್ತು. ನೀರು ಖಾಲಿಯಾಗಿ ಎಂಜಿನ್ ಕಾದು ನಿಂತಾಗ ಗಾಬರಿಯಲ್ಲಿ ಕೊಡದಲ್ಲಿ ತಣ್ಣೀರು ಸುರಿಯುವುದು, ಬ್ಲಾಕಿನಲ್ಲಿ ಏರ್ ಕ್ರ್ಯಾಕ್, ಅಂದರೆ ಕೂದಲೆಳೆಯಂಥ ಬಿರುಕು, ಬರುವುದು. ಅದನ್ನು ವೆಲ್ಡ್ ಮಾಡಿಸಲು ಹೋಗಿ ಇನ್ನೆರಡು ಕ್ರ್ಯಾಕ್ ತರುವುದು.

ಬೂದಿಯಲ್ಲಿ ಹೂತಿಟ್ಟವರು

ಆಮೇಲೆ ಫ್ರೇಮನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಮಂಡ್ಯ ಹತ್ತಿರದ ಒಬ್ಬ ಮೇಸ್ತ್ರಿಯ ಬಳಿ ತಗೊಂಡು ಹೋದರು. ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಠ ಮಾಡಿ ನಾನೂ ಟ್ರೇಲರ್ ಹತ್ತಿದ್ದೆ. ಆ ಮನುಷ್ಯ ಫ್ರೇಮ್ ನೋಡಿದ ಕೂಡಲೇ ವೆಲ್ಡಿಂಗ್ ಸೆಟ್ ಕಡೆ ಹೋಗಲಿಲ್ಲ. ಉಳಿ ಮತ್ತು ಸುತ್ತಿಗೆ ತಗೊಂಡು ಕೂತು ಹಿಂದಿನವನ ವೆಲ್ಡನ್ನು ಕೆತ್ತಿ ತೆಗೆಯಲು ಶುರು ಮಾಡಿದರು. ಅರ್ಧ ದಿನ ಅದೇ ಕೆಲಸ. ನಡುವೆ ಉಳಿಯ ಬಾಯಿ ಹೋಗಿ ಎರಡು ಸಲ ಸಾಣೆ ಹಿಡಿದರು. ನಮ್ಮ ಕಡೆಯವರಿಗೆ ಒಳಗೊಳಗೇ ಸಿಟ್ಟು. ಕಬ್ಬು ಒಣಗುತ್ತಿದೆ, ಈ ಯಜಮಾನ ಕೆತ್ತುತ್ತಾ ಕೂತಿದ್ದಾನೆ.

ಕೆತ್ತಿದ ಮೇಲೆ ಬಿರುಕಿನ ಸುತ್ತ ಸೀಮೆಎಣ್ಣೆ ಸವರಿದರು. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದರು. ನಾವು ನೋಡುತ್ತಿದ್ದ ಹಾಗೆ ಬಿಳಿ ಪುಡಿಯ ಮೇಲೆ ಒದ್ದೆ ಗೆರೆಯೊಂದು ಮೂಡಿತು. ಒಳಗೆ ಹೋಗಿದ್ದ ಎಣ್ಣೆ ಹೊರಗೆ ಬರುತ್ತಿತ್ತು. ಬಿರುಕು ಇಲ್ಲಿಗೆ ಮುಗಿಯಿತು ಅಂತ ನಾವು ಅಂದುಕೊಂಡಿದ್ದ ಜಾಗ ದಾಟಿ ಅದು ಇನ್ನೂ ಎರಡು ಬೆರಳು ಮುಂದೆ ಹೋಗಿತ್ತು. ಅದರ ತುದಿಯನ್ನು ಹುಡುಕಿ, ತುದಿಗೆ ಸ್ವಲ್ಪ ಆಚೆ ಒಂದು ತೂತು ಕೊರೆದರು. ಬಿರುಕು ಓಡುತ್ತಾ ಬಂದು ಆ ಗುಂಡನೆಯ ತೂತಿಗೆ ಬಿದ್ದರೆ ಮುಂದೆ ಹೋಗಲು ದಾರಿ ಸಿಗುವುದಿಲ್ಲ. ಆಮೇಲೆ ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಕಾಲುವೆ ತೆಗೆದರು. ಅದನ್ನೂ ಉಳಿಯಲ್ಲೇ. ಗ್ರೈಂಡರ್ ಕಲ್ಲು ಗ್ರಾಫೈಟನ್ನು ಮೇಲ್ಮೈ ತುಂಬಾ ಸವರಿಬಿಡುತ್ತದೆ, ಅದರ ಮೇಲೆ ಏನು ಹಾಕಿದರೂ ಹಿಡಿಯುವುದಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ, ಪುಸ್ತಕದಲ್ಲಿ ಓದಿ.

ಮೂಲೆಯಲ್ಲಿ ಇಟ್ಟಿಗೆಯ ಒಲೆ ಇತ್ತು. ಒಲೆ ಅಂದರೆ ಬರೀ ಸಡಿಲವಾಗಿ ಜೋಡಿಸಿದ ಇಟ್ಟಿಗೆ. ಫ್ರೇಮನ್ನು ಅದರೊಳಗೆ ಇಟ್ಟು, ಸುತ್ತ ಇದ್ದಿಲು ತುಂಬಿ, ಮೇಲೆ ತಗಡು ಮುಚ್ಚಿ ಬೆಂಕಿ ಹಾಕಿದರು. ಊದುವ ತಿದಿ ಹಾಕಲಿಲ್ಲ. ನಿಧಾನ, ನಿಧಾನ ಅನ್ನುತ್ತಿದ್ದರು. ಮೊದಲು ಆ ಕಬ್ಬಿಣದಿಂದ ಹೊಗೆ ಬಂತು. ವರ್ಷಗಟ್ಟಲೆ ಗ್ರೀಸು, ಎಣ್ಣೆ, ಕಬ್ಬಿನ ರಸ ಎಲ್ಲ ಕುಡಿದಿದ್ದ ಬೀಡು. ಗ್ರಾಫೈಟ್ ಪದರಗಳ ಸಂದಿಯಲ್ಲಿ ಎಣ್ಣೆ ಕೂತಿರುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ, ಸುಟ್ಟೇ ತೆಗೆಯಬೇಕು. ಹೊಗೆಯ ಜೊತೆ ಸುಟ್ಟ ಬೆಲ್ಲದ ವಾಸನೆ. ಹೊಗೆ ನಿಂತ ಮೇಲೂ ಕಾಯಿಸುತ್ತಲೇ ಇದ್ದರು. ಕತ್ತಲಾಗುವವರೆಗೆ ಕಾದರು. ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಮಾತ್ರ ಕಾಣುವಂಥ ಮಂಕು ಕೆಂಪು ಬಂದಾಗ ಸಾಕು ಅಂದರು. ಲೆಕ್ಕದಲ್ಲಿ ಅದು 600 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅವರ ಹತ್ತಿರ ಥರ್ಮಾಮೀಟರ್ ಏನೂ ಇರಲಿಲ್ಲ.

ವೆಲ್ಡಿಂಗ್ ಮಾಡಿದ್ದು ಗ್ಯಾಸಿನಲ್ಲಿ, ಬೀಡಿನದೇ ಚೌಕದ ಕಡ್ಡಿ ಕರಗಿಸಿ. ಉಕ್ಕು ಕರಗಲು 1500 ಡಿಗ್ರಿ ಹತ್ತಿರ ಬೇಕು. ಬೀಡು ಸುಮಾರು 1200ಕ್ಕೆಲ್ಲ ನೀರಾಗಿಬಿಡುತ್ತದೆ, ಅದೂ ಹಠಾತ್ತನೆ. ಕಡ್ಡಿಯ ತುದಿಯಿಂದ ಆ ಕೊಳದೊಳಗೆ ಕೆದಕಿ ಕೆದಕಿ ಕಸ ಮೇಲೆ ತರುತ್ತಿದ್ದರು. ಮೈಯೆಲ್ಲ ಒದ್ದೆ ಗೋಣಿ ಸುತ್ತಿಕೊಂಡಿದ್ದರು. ಅಷ್ಟು ಬಿಸಿ. ವೆಲ್ಡ್ ಮಾಡಿದ ಹೊತ್ತು ಮಾತ್ರ ಒಂದು ಊಟ ಮಾಡುವಷ್ಟು. ಮುಗಿದ ತಕ್ಷಣ ಮತ್ತೆ ಇದ್ದಿಲು ಕೆದಕಿ ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ಕಾಯಿಸಿ, ಫ್ರೇಮಿನ ಮೇಲೆ ರೈಸ್‌ಮಿಲ್ಲಿನ ಹೊಟ್ಟಿನ ಬೂದಿ ಸುರಿದರು. ಮೂಟೆಗಟ್ಟಲೆ. ಒಲೆಯೇ ಕಾಣದ ಹಾಗೆ ಬೂದಿಯ ಗುಡ್ಡೆ ಮಾಡಿ, "ನಾಳಿದ್ದು ಬನ್ನಿ" ಅಂದರು.

ನಮ್ಮವರು ನಾಳೆ ಸಂಜೆಗೆ ಆಗುತ್ತಾ ಅಂತ ಕೇಳಿದರು. ಅವರು ಉತ್ತರವನ್ನೇ ಕೊಡಲಿಲ್ಲ. ಮಾರನೆಯ ದಿನ ಸಂಜೆ ನಮ್ಮ ಕಡೆಯ ಒಬ್ಬರು ಹೋಗಿ ಬೂದಿಯೊಳಗೆ ಒಂದು ಕಡ್ಡಿ ಚುಚ್ಚಿ ನೋಡಲು ಹೊರಟರಂತೆ. ಮೇಸ್ತ್ರಿ ಎದ್ದು ಬಂದು ಕೈ ಹಿಡಿದು ಆಚೆ ಕರಕೊಂಡು ಹೋದರಂತೆ. ಹೇಳಿದ ದಿನ ಬೂದಿ ಸರಿಸಿದಾಗ ಒಳಗೆ ಫ್ರೇಮ್ ಇನ್ನೂ ಬೆಚ್ಚಗಿತ್ತು. ಸರಪಳಿಗೆ ನೇತುಹಾಕಿ ಸಣ್ಣ ಸುತ್ತಿಗೆಯಲ್ಲಿ ಬೇರೆ ಬೇರೆ ಕಡೆ ತಟ್ಟಿ ಕಿವಿಗೊಟ್ಟು ಕೇಳಿದರು. ಬಿರುಕು ಇದ್ದರೆ ಸದ್ದು ಒಡೆದ ಮಡಕೆಯದು. ಇದು ಉದ್ದಕ್ಕೆ ಗುಂಯ್ ಅಂದಿತು. ವೆಲ್ಡಿನ ಮೇಲೆ ಅರ ಹಾಕಿ ಎರಡು ಸಲ ಎಳೆದರು. ಬೂದು ಪುಡಿ ಉದುರಿತು. ಅಂದರೆ ವೆಲ್ಡೂ ಬೀಡೇ ಆಗಿತ್ತು, ಪಕ್ಕದ್ದರಷ್ಟೇ ಮೆದು. ಆ ಕಿವಿ ಆಲೆಮನೆ ಮುಚ್ಚುವವರೆಗೂ ಬಿಡಲಿಲ್ಲ.

ಒಲೆಗೆ ಹಾಕಲಾಗದ್ದು

ಇದನ್ನು ಓದಿ ಎಲ್ಲವನ್ನೂ ಕಾಯಿಸಿಯೇ ಮಾಡಬೇಕು ಅಂದುಕೊಂಡರೆ ಅದೂ ಎಡವಟ್ಟೇ. ಲೇತ್ ಬೆಡ್ಡನ್ನು 600 ಡಿಗ್ರಿಗೆ ಕಾಯಿಸಿದರೆ ಅದರ ನೇರ ಹೋಗುತ್ತದೆ. ಬಿರುಕು ಹೋಯಿತು, ಲೇತೂ ಹೋಯಿತು. ಎಂಜಿನ್ ಬ್ಲಾಕಿನಲ್ಲಿ ಪಿಸ್ಟನ್ ಓಡುವ ಬೋರು, ಬೇರಿಂಗ್ ಕೂರುವ ಜಾಗ ಇವೆಲ್ಲ ಹಾಗೇ. ಅಂಥದ್ದಕ್ಕೆ ತಣ್ಣಗೆ ಮಾಡುವ ದಾರಿ ಇದೆ. ನಿಕಲ್ ರಾಡು. ನಿಕಲ್‌ಗೆ ಕಾರ್ಬನ್ ಜೊತೆ ಸೇರಿ ಗಟ್ಟಿಯಾಗುವ ಚಾಳಿ ಇಲ್ಲ. ಬಂದ ಕಾರ್ಬನ್ನನ್ನು ಗ್ರಾಫೈಟ್ ಆಗಿ ಹೊರಗೆ ಬಿಡುತ್ತದೆ. ಹಾಗೆ ಬಿಡುವಾಗ ಅದರ ಗಾತ್ರ ಸ್ವಲ್ಪ ಹಿಗ್ಗಿ, ಕುಗ್ಗುವುದನ್ನು ಒಂದಿಷ್ಟು ಸರಿದೂಗಿಸುತ್ತದೆ. ವೆಲ್ಡ್ ಮೆದುವಾಗಿರುತ್ತದೆ, ಡ್ರಿಲ್ ಹಾಕಬಹುದು. ಪೂರ್ತಿ ನಿಕಲ್ ಅನ್ನುವಂಥ ರಾಡೂ ಇದೆ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಿಕಲ್ ಇದ್ದು ಉಳಿದದ್ದು ಕಬ್ಬಿಣ ಇರುವ ರಾಡೂ ಇದೆ. ಎರಡನೆಯದು ದಪ್ಪ ಎರಕಗಳಿಗೆ. ಬೆಲೆ ಮಾತ್ರ ಮಾಮೂಲಿ ರಾಡಿನ ಹತ್ತಾರು ಪಟ್ಟು. ನಾನು ಹೋಗುವ ಅಂಗಡಿಯವರು ಕೆಜಿ ಲೆಕ್ಕ ಬಿಟ್ಟು ಒಂದೊಂದಾಗಿ ಎಣಿಸಿ ಕೊಡುತ್ತಾರೆ.

ರಾಡು ದುಬಾರಿ ಅನ್ನುವುದಕ್ಕಿಂತ ಅದನ್ನು ಹಾಕುವ ಕ್ರಮ ಜನರಿಗೆ ಕಷ್ಟ. ಒಂದು ಸಲಕ್ಕೆ ಒಂದು ಇಂಚಷ್ಟೇ ಹಾಕಬೇಕು. ಹಾಕಿದ ತಕ್ಷಣ, ಕೆಂಪು ಆರುವ ಮೊದಲೇ, ಗುಂಡು ಮೂತಿಯ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ವೆಲ್ಡ್ ಕುಗ್ಗಲು ಹೊರಟಾಗ ನಾವು ಅದನ್ನು ಬಡಿದು ಹರಡುತ್ತಿರುತ್ತೇವೆ, ಎಳೆತ ಅಲ್ಲೇ ತೀರುತ್ತದೆ. ಆಮೇಲೆ ಬರಿಗೈ ಇಟ್ಟರೆ ತಡೆಯುವಷ್ಟು ಆರುವವರೆಗೆ ಸುಮ್ನೆ ಕೂರಬೇಕು. ಮುಂದಿನ ಇಂಚನ್ನು ಪಕ್ಕದಲ್ಲಿ ಹಾಕುವ ಹಾಗಿಲ್ಲ, ದೂರದಲ್ಲಿ ಹಾಕಬೇಕು. ಒಂದು ಗೇಣು ಬಿರುಕಿಗೆ ಒಂದು ಬೆಳಗ್ಗೆ ಹೋಗುತ್ತದೆ. ಅದರಲ್ಲಿ ಕಿಡಿ ಹಾರುವ ಹೊತ್ತು ತುಂಬಾ ಕಡಿಮೆ. ಇದರಲ್ಲಿ ಒಂದು ನಿಯಮ ಇದೆ, ಅದನ್ನು ಅರ್ಧಕ್ಕೆ ಬಿಡುವುದೇ ಹೆಚ್ಚಿನವರು ಮಾಡುವ ಎಡವಟ್ಟು. ಕಾಯಿಸುವುದಾದರೆ ಪೂರ್ತಿ ಕಾಯಿಸಿ, ಇಲ್ಲವಾದರೆ ತಣ್ಣಗೇ ಇಡಿ. ಗ್ಯಾಸ್ ಟಾರ್ಚ್ ಹಿಡಿದು ಒಂದು ಮೂಲೆಯನ್ನು ಮಾತ್ರ ಕೆಂಪು ಮಾಡಿ ವೆಲ್ಡ್ ಮಾಡುವುದಿದೆಯಲ್ಲ, ಅದು ಎರಡೂ ಕಡೆಯ ಕೆಟ್ಟದ್ದನ್ನು ತರುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಹೀಗೆ ಅರ್ಧ ಕಾಯಿಸುವುದು ಜಾಣತನ. ಚಕ್ರದ ಸ್ಪೋಕಿನಂಥ ಆರು ಕಡ್ಡಿ ಇರುವ ಬೀಡಿನ ಪುಲ್ಲಿ ಅಂದುಕೊಳ್ಳಿ. ಒಂದು ಕಡ್ಡಿ ಮುರಿದಿದೆ. ಅದನ್ನಷ್ಟೇ ವೆಲ್ಡ್ ಮಾಡಿದರೆ ಆರುವಾಗ ಆ ಕಡ್ಡಿ ಕುಗ್ಗಿ ಅಂಚನ್ನು ಒಳಗೆ ಎಳೆಯುತ್ತದೆ, ಅಂಚು ಬರುವುದಿಲ್ಲ, ಏನೋ ಒಂದು ಒಡೆಯುತ್ತದೆ. ಅದಕ್ಕೆ ಮುರಿದ ಕಡ್ಡಿಯ ಎರಡೂ ಪಕ್ಕದ ಅಂಚನ್ನು ಕಾಯಿಸುತ್ತಾರೆ. ಅಂಚು ಹಿಗ್ಗಿ ಬಿರುಕು ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಆಗ ವೆಲ್ಡ್ ಮಾಡಿದರೆ ಎಲ್ಲವೂ ಒಟ್ಟಿಗೆ ಆರಿ ಒಟ್ಟಿಗೆ ಕುಗ್ಗುತ್ತವೆ. ಮುರಿದ ಜಾಗ ಬಿಟ್ಟು ಮುರಿಯದ ಜಾಗವನ್ನು ಕಾಯಿಸುವ ಈ ಉಪಾಯವನ್ನು ಮೊದಲು ಕಂಡುಕೊಂಡ ಪುಣ್ಯಾತ್ಮ ಯಾರೋ! ಜೋರಾಗಿ ತಿರುಗುವ ಫ್ಲೈವೀಲ್‌ಗೆ ಮಾತ್ರ ಇದನ್ನು ಮಾಡಬೇಡಿ. ಅದು ಬಿಟ್ಟುಕೊಂಡರೆ ಗೋಡೆ ದಾಟಿ ಹೋಗುತ್ತದೆ. ಭಾರ ಎತ್ತುವ ಕೊಂಡಿ, ಬ್ರೇಕ್ ಡ್ರಮ್ಮು, ಸ್ಟೀಮ್ ಒತ್ತಡ ಹಿಡಿಯುವ ಯಾವುದೇ ಪಾತ್ರೆ, ಇವನ್ನೂ ನಾನು ವೆಲ್ಡಿಗೆ ಕಳಿಸುವುದಿಲ್ಲ. ವರ್ಷಗಟ್ಟಲೆ ಬೆಂಕಿ ತಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು, ಅಂದರೆ ಎಂಜಿನ್ನಿನ ಬಿಸಿ ಹೊಗೆ ಹೊರಗೆ ಹೋಗುವ ಕೊಳವೆಯನ್ನು, ಕಳಿಸಿ ಪ್ರಯೋಜನವೂ ಇಲ್ಲ. ಆ ಬೀಡು ಒಳಗೇ ತುಕ್ಕು ಹಿಡಿದಿರುತ್ತದೆ, ರಾಡು ಹಚ್ಚಿದ ಕಡೆಯೆಲ್ಲ ಗುಳ್ಳೆ.

ಹಿತ್ತಾಳೆ ಹಾಕುವುದು, ಅಂದರೆ ಬ್ರೇಜಿಂಗ್, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅನ್ಯಾಯಕ್ಕೊಳಗಾದ ಕೆಲಸ. ನೋಡಲು ಚೆಂದ ಇಲ್ಲ, ಕಪ್ಪು ಕಬ್ಬಿಣದ ಮೇಲೆ ಹಳದಿ ಪಟ್ಟಿ. ಗಿರಾಕಿಗಳು ಅದನ್ನು ಬಡವರ ವೆಲ್ಡಿಂಗ್ ಅಂದುಕೊಳ್ಳುತ್ತಾರೆ. ಆದರೆ ಅದರಲ್ಲಿ ಬೀಡು ಕರಗುವುದೇ ಇಲ್ಲ. 900 ಡಿಗ್ರಿ ಹತ್ತಿರ ಕಂಚು ಅಥವಾ ಹಿತ್ತಾಳೆಯ ಕಡ್ಡಿ ಕರಗಿ, ಮೇಲ್ಮೈಯನ್ನು ಶುದ್ಧ ಮಾಡುವ ಬೊರಾಕ್ಸ್ ಫ್ಲಕ್ಸಿನ ಸಹಾಯದಿಂದ ಬೀಡಿನ ಮೈಗೆ ಅಂಟಿಕೊಳ್ಳುತ್ತದೆ. ಕರಗದಿದ್ದ ಮೇಲೆ ಪೆಡಸು ಗೆರೆ ಹುಟ್ಟುವ ಪ್ರಶ್ನೆಯೇ ಕಡಿಮೆ. ಕಂಚು ಎಳೆದರೆ ಹಿಗ್ಗುತ್ತದೆ. ಬಿಸಿ ಜಾಸ್ತಿ ಬೀಳದ ಕಡೆ, ಪಂಪು, ಸ್ಟ್ಯಾಂಡು, ಗಾಣದ ಫ್ರೇಮು, ಬೆಂಚ್ ವೈಸು, ಇಂಥದ್ದಕ್ಕೆ ನಾನು ಮೊದಲು ಕೇಳುವುದು ಅದನ್ನೇ.

ಒಡೆದವರೇ ಅಂದುಕೊಂಡಿರಲಿಲ್ಲ

ಬೀಡನ್ನು ವೆಲ್ಡ್ ಮಾಡಲು ಆಗುವುದಿಲ್ಲ ಅನ್ನುವ ನಂಬಿಕೆಯನ್ನೇ ಆಧಾರವಾಗಿಟ್ಟುಕೊಂಡು ಒಂದು ಯುದ್ಧತಂತ್ರ ಮಾಡಿದ್ದರು ಅನ್ನುವುದು ನನಗೆ ತುಂಬಾ ಇಷ್ಟದ ಕಥೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಯಾಣಿಕ ಹಡಗುಗಳು ಅಮೆರಿಕದ ಬಂದರುಗಳಲ್ಲೇ ಉಳಿದುಕೊಂಡವು. 1917ರ ಏಪ್ರಿಲ್‌ನಲ್ಲಿ ಅಮೆರಿಕವೂ ಯುದ್ಧಕ್ಕಿಳಿದು ಆ ಹಡಗುಗಳನ್ನು ವಶಪಡಿಸಿಕೊಂಡಿತು. ಅಷ್ಟರೊಳಗೆ ಜರ್ಮನ್ ಸಿಬ್ಬಂದಿ ಎಂಜಿನ್ ಕೋಣೆಗಳಿಗೆ ಇಳಿದು ಸ್ಟೀಮ್ ಎಂಜಿನ್ನಿನ ಸಿಲಿಂಡರ್‌ಗಳನ್ನು ಒಡೆದು ಹಾಕಿದ್ದರು. ಸಿಲಿಂಡರ್ ಬೀಡಿನದು, ಮನೆ ಬಾಗಿಲಷ್ಟು ದೊಡ್ಡದು. ಹೊಸದಾಗಿ ಎರಕ ಹೊಯ್ದು, ಬೋರ್ ಮಾಡಿ, ಹಡಗು ಬಿಚ್ಚಿ ಕೂರಿಸುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ ಅನ್ನುವುದು ಅವರ ಲೆಕ್ಕ.

ಅಮೆರಿಕದವರು ಹೊಸ ಸಿಲಿಂಡರ್ ಹೊಯ್ಯಲು ಹೋಗಲಿಲ್ಲ. ಮುರಿದ ಅಂಚಿನ ಬೀಡಿನೊಳಗೆ ಸಾಲಾಗಿ ತೂತು ಕೊರೆದು ಉಕ್ಕಿನ ಸ್ಟಡ್‌ಗಳನ್ನು, ಅಂದರೆ ತಲೆ ಇಲ್ಲದ ಬೋಲ್ಟ್‌ಗಳನ್ನು, ತಿರುಪಿ ಕೂರಿಸಿದರು. ಕಳೆದುಹೋದ ಭಾಗಕ್ಕೆ ಉಕ್ಕಿನ ಎರಕದ ತೇಪೆ ಮಾಡಿ, ಆ ಸ್ಟಡ್‌ಗಳಿಗೆ ಕರೆಂಟ್ ವೆಲ್ಡಿಂಗ್‌ನಲ್ಲಿ ಬೆಸೆದರು. ವೆಲ್ಡ್ ಬೀಡಿನ ಮೇಲ್ಮೈಯನ್ನು ನಂಬಿಕೊಂಡಿರಲಿಲ್ಲ, ಆಳಕ್ಕಿಳಿದ ಸ್ಟಡ್‌ಗಳನ್ನು ಹಿಡಿದುಕೊಂಡಿತ್ತು. ಎಂಜಿನ್ನನ್ನು ಹಡಗಿನಿಂದ ಹೊರಗೆ ತೆಗೆಯದೆಯೇ ಈ ಕೆಲಸ ನಡೆಯಿತು. ಕೆಲವೇ ತಿಂಗಳಲ್ಲಿ ಹಡಗುಗಳು ಹೆಸರು ಬದಲಿಸಿಕೊಂಡು ಅಮೆರಿಕದ ಸೈನಿಕರನ್ನು ತುಂಬಿಕೊಂಡು ಫ್ರಾನ್ಸಿನ ಕಡೆ ಹೊರಟವು. ಆ ಸ್ಟಡ್ ವಿದ್ಯೆಯನ್ನು ಈಗಲೂ ದಪ್ಪ ಎರಕಗಳಿಗೆ ಬಳಸುತ್ತಾರೆ. ಬಿಸಿಯನ್ನೇ ಮುಟ್ಟದೆ ಮಾಡುವ ಹೊಲಿಗೆ ಕೆಲಸವೂ ಇದೆ. ಬಿರುಕಿಗೆ ಅಡ್ಡಲಾಗಿ ಬೀಗದಂಥ ತುಂಡುಗಳನ್ನು ಬಡಿದು ಕೂರಿಸಿ, ಬಿರುಕಿನ ಉದ್ದಕ್ಕೂ ಒಂದಕ್ಕೊಂದು ತಾಗುವ ಹಾಗೆ ಸ್ಕ್ರೂಗಳನ್ನು ತುಂಬುವುದು. ಬೆಲೆಬಾಳುವ ಎಂಜಿನ್ ಬ್ಲಾಕುಗಳಿಗೆ ಅದೇ ಸರಿ.

ರೇಟು ಕಟ್ಟುವ ಲೆಕ್ಕ

ಇಷ್ಟೆಲ್ಲ ದಾರಿ ಇರುವಾಗ ಅದೇ ಬಿರುಕು, ಅದೇ ಮಾತು ಯಾಕೆ ಮತ್ತೆ ಮತ್ತೆ? ವೆಲ್ಡರ್‌ಗಳಿಗೆ ಗೊತ್ತಿಲ್ಲ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಸುಮಾರು ಜನಕ್ಕೆ ಗೊತ್ತಿದೆ. ಐಟಿಐಯಲ್ಲಿ ಓದಿದವರಿಗೆ ಪಾಠದಲ್ಲೇ ಇರುತ್ತದೆ. ತೊಂದರೆ ಇರುವುದು ನಾವು ದುಡ್ಡು ಕೊಡುವ ರೀತಿಯಲ್ಲಿ. ವೆಲ್ಡಿಂಗ್ ರೇಟು ಹೇಳುವುದು ಇಂಚಿನ ಲೆಕ್ಕದಲ್ಲಿ, ಇಲ್ಲಾ ರಾಡಿನ ಲೆಕ್ಕದಲ್ಲಿ. ಕಿಡಿ ಹಾರಿದ್ದಕ್ಕೆ ದುಡ್ಡು. ಕೆತ್ತಿದ್ದಕ್ಕೆ ಇಲ್ಲ, ಎಣ್ಣೆ ಸುಟ್ಟಿದ್ದಕ್ಕೆ ಇಲ್ಲ, ಇದ್ದಿಲಿಗೆ ಇಲ್ಲ. ಆರುವವರೆಗೆ ಕಾದಿದ್ದಕ್ಕಂತೂ ಯಾರೂ ಒಂದು ರೂಪಾಯಿ ಬಿಚ್ಚುವುದಿಲ್ಲ. ಬೀಡಿನ ಕೆಲಸದಲ್ಲಿ ಮುಕ್ಕಾಲು ಪಾಲು ಇರುವುದು ಅಲ್ಲೇ. ದುಡ್ಡು ಬಾರದ ಕೆಲಸವನ್ನು ಅಂಗಡಿ ಇಟ್ಟುಕೊಂಡವನು ಬಿಡುತ್ತಾನೆ, ಅದರಲ್ಲಿ ಆಶ್ಚರ್ಯ ಏನಿದೆ? ಆ ಮಂಡ್ಯದ ಮೇಸ್ತ್ರಿಗೆ ಪಿಂಚಣಿ ಬರುತ್ತಿತ್ತು. ಅವರು ಕಾಯಬಹುದಿತ್ತು.

ಗಿರಾಕಿಯನ್ನೂ ಸುಮ್ಮನೆ ಬೈಯಲಾಗುವುದಿಲ್ಲ. ಗಾಡಿಯಲ್ಲಿ ಕಬ್ಬು ನಿಂತಿರುವವನಿಗೆ ನಾಳಿದ್ದು ಬಾ ಅಂದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಪಕ್ಕದ ಅಂಗಡಿಯವನು ಒಂದು ಗಂಟೆಯಲ್ಲಿ ಕೊಡುತ್ತಾನೆ. ಒಂದೊಂದು ಸಲ ಅದು ಸೀಸನ್ ಮುಗಿಯುವವರೆಗೆ ತಡೆದೂ ಬಿಡುತ್ತದೆ, ಅದೃಷ್ಟ. ಅಂಥ ಒಂದು ತಡೆದ ಕೆಲಸದ ಕಥೆ ಊರೆಲ್ಲ ಹಬ್ಬುತ್ತದೆ. ಒಡೆದವುಗಳ ಕಥೆ ಯಾರು ಹೇಳುತ್ತಾರೆ? ಅವಕ್ಕೆ ಬೀಡೇ ಸರಿ ಇರಲಿಲ್ಲ ಅಲ್ವಾ.

ನಾನು ಬೀಡಿನ ಕೆಲಸ ಕೊಡುವ ವೆಲ್ಡರ್ ಒಬ್ಬ ಇದ್ದಾನೆ, ಚಿಕ್ಕ ವಯಸ್ಸಿನವನು. ಅವನು ಈಗ ಎರಡು ರೇಟ್ ಹೇಳಲು ಶುರು ಮಾಡಿದ್ದಾನೆ. ಕಾಯಿಸಿ, ಆರಿಸಿ ಮಾಡಿದರೆ ಇಷ್ಟು, ಎರಡು ದಿನ, ಗ್ಯಾರಂಟಿ ಉಂಟು. ಹಾಗೇ ಮಾಡಿದರೆ ಇಷ್ಟು, ಈಗಲೇ ತಗೊಂಡು ಹೋಗಿ, ಅಂಗಡಿ ಬಾಗಿಲು ದಾಟಿದ ಮೇಲೆ ನನ್ನನ್ನು ಕೇಳಬೇಡಿ. ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರಂತೆ. ಸೀಸನ್ ಮುಗಿದ ಮೇಲೆ ಅದೇ ಪೀಸನ್ನು ಹೊತ್ತುಕೊಂಡು ಬಂದು ಮೊದಲನೆಯದನ್ನು ಮಾಡಿಸುವವರೂ ಇದ್ದಾರಂತೆ. ಆಗ, ಹಿಂದೆ ತಾನು ಹಾಕಿದ್ದ ವೆಲ್ಡನ್ನೇ ಕೆತ್ತಿ ತೆಗೆಯಲು ಅವನಿಗೆ ಅರ್ಧ ದಿನ ಹಿಡಿಯುತ್ತದೆ. ಅದಕ್ಕೂ ಬೇರೆಯಾಗಿ ಒಂದು ರೇಟ್ ಇಟ್ಟಿದ್ದಾನೆ.